ಕೇಳಿ, ಹೇಳುತ್ತೇವೆ: ಪ್ರಗತಿಪರ ಪಾಡ್‌ಕಾಸ್ಟ್ ಯಾವುದು ಕೇಳಲಿ?

ಈ ಸಲ ಆರಿಸಿದ ಪ್ರಶ್ನೆಗಳೆಲ್ಲ ಕೊಡಗಿನವು. ವಿಷಯ ರಾಜಕೀಯ ಪಾಡ್‌ಕಾಸ್ಟ್, ಅಂದರೆ ಫೋನಿನಲ್ಲಿ ಕಂತುಕಂತಾಗಿ ಕೇಳುವ ಮಾತಿನ ಕಾರ್ಯಕ್ರಮ. ಹೆಸರು ಹಾಕಬೇಡಿ ಎಂದವರೇ ಹೆಚ್ಚಾದ್ದರಿಂದ ಎಲ್ಲರದ್ದೂ ಊರು, ಕೆಲಸ ಮಾತ್ರ ಕೊಟ್ಟಿದ್ದೇವೆ.

ಪ್ರಶ್ನೆ: ನಾನು ಬಿ.ಎ. ಎರಡನೇ ವರ್ಷ, ರಾಜ್ಯಶಾಸ್ತ್ರ. ಟಿ.ವಿ. ಚರ್ಚೆಗಳ ಕೂಗಾಟ ಸಾಕಾಗಿದೆ. ಪ್ರಗತಿಪರ ನಿಲುವಿನ ಒಂದು ಒಳ್ಳೆಯ ಪಾಡ್‌ಕಾಸ್ಟ್ ಹೇಳಿ. ಹತ್ತು ಹೆಸರಿನ ಪಟ್ಟಿ ಬೇಡ, ನಿಮಗೆ ಇಷ್ಟವಾದ ಒಂದೇ ಸಾಕು. ಇಂಗ್ಲಿಷ್ ಆದರೂ ಪರವಾಗಿಲ್ಲ.
— ವಿದ್ಯಾರ್ಥಿನಿ, ವಿರಾಜಪೇಟೆ

ಉತ್ತರ: ಒಂದೇ ಅಂದರೆ ‘ನೋ ಯುವರ್ ಎನಿಮಿ’. ಹೆಸರು ಕೇಳಿದರೆ ಎದುರಾಳಿಯನ್ನು ಹೀಗಳೆಯುವ ಕಾರ್ಯಕ್ರಮ ಅನಿಸುತ್ತದೆ. ಒಳಗಿರುವುದು ಅದಕ್ಕೆ ತದ್ವಿರುದ್ಧ. ಮ್ಯಾಥ್ಯೂ ಸಿಟ್ಮನ್, ಸ್ಯಾಮ್ ಆಡ್ಲರ್-ಬೆಲ್ ಎಂಬ ಇಬ್ಬರು 2019ರಲ್ಲಿ ಶುರು ಮಾಡಿದ ಅಮೆರಿಕದ ಪಾಡ್‌ಕಾಸ್ಟ್ ಇದು. ಇಬ್ಬರೂ ಎಡಪಂಥದವರು, ಆದರೆ ಮಾತಾಡುವುದು ಬಲಪಂಥದ ಬಗ್ಗೆ. ಅಲ್ಲಿಯ ಸಂಪ್ರದಾಯವಾದಿಗಳು ಯಾವ ಪುಸ್ತಕ ಓದಿ ಬೆಳೆದರು, ಯಾರ ದುಡ್ಡಿನಲ್ಲಿ ಸಂಸ್ಥೆ ಕಟ್ಟಿದರು, ಯಾವ ವಿಚಾರಕ್ಕೆ ತಮ್ಮತಮ್ಮಲ್ಲೇ ಕಚ್ಚಾಡಿದರು ಎಂಬುದನ್ನೆಲ್ಲ ಬಿಡಿಸುತ್ತಾರೆ. ಸಿಟ್ಮನ್ ಒಂದು ಕಾಲಕ್ಕೆ ಆ ಪಾಳಯದಲ್ಲೇ ಇದ್ದವರು. ಹಾಗಾಗಿ ಬಲಪಂಥದವರ ಮಾತು ಅವರ ಬಾಯಲ್ಲಿ ವ್ಯಂಗ್ಯಚಿತ್ರವಾಗುವುದಿಲ್ಲ.

ನಮ್ಮ ಟಿ.ವಿ.ಯಲ್ಲಿ ಎದುರಿನವನ ಮಾತಿನ ಜೊಳ್ಳು ತುದಿ ಹಿಡಿದು ಎಳೆಯುತ್ತಾರೆ. ಇವರು ಎದುರಿನವನ ವಾದವನ್ನು ಅವನಿಗಿಂತ ಚೆನ್ನಾಗಿ ಹೇಳಿ, ಆಮೇಲೆ ಏಕೆ ಒಪ್ಪುವುದಿಲ್ಲ ಎಂದು ವಿವರಿಸುತ್ತಾರೆ. ರಾಜ್ಯಶಾಸ್ತ್ರದ ವಿದ್ಯಾರ್ಥಿನಿಗೆ ಬೇಕಾದ ಅಭ್ಯಾಸ ಇದೇ. ಅಮೆರಿಕದ ಸುದ್ದಿ ತಿಳಿಯುವುದು ಇದರಲ್ಲಿ ಎರಡನೇ ಲಾಭ.

ತೊಡಕುಗಳೂ ಇವೆ. ಕಂತುಗಳು ಸಾಮಾನ್ಯವಾಗಿ ಒಂದು ಗಂಟೆ ದಾಟುತ್ತವೆ. ಕೇಳಿಯೇ ಇಲ್ಲದ ಹೆಸರುಗಳು ಆಷಾಢದ ಮಳೆಯ ಹಾಗೆ ಬಿಡದೆ ಸುರಿಯುತ್ತವೆ. ಮೊದಲ ಕಂತಿನಿಂದ ಕ್ರಮವಾಗಿ ಹೊರಟವರು ಮೂರನೆಯದಕ್ಕೆ ಕೈಬಿಡುತ್ತಾರೆ. ಆದ್ದರಿಂದ ರೇಗನ್, ಟ್ರಂಪ್ ಹೀಗೆ ಗೊತ್ತಿರುವ ಹೆಸರು ಶೀರ್ಷಿಕೆಯಲ್ಲಿರುವ ಕಂತನ್ನೇ ಮೊದಲು ಹಿಡಿಯಿರಿ. ವೇಗ 0.9ಕ್ಕೆ ಇಳಿಸಿ. ಒಂದು ದಿನಕ್ಕೆ 25 ನಿಮಿಷ ಸಾಕು. ಗೊತ್ತಿಲ್ಲದ ಹೆಸರುಗಳಲ್ಲಿ ಮೂರನ್ನು ಮಾತ್ರ ಬರೆದುಕೊಂಡು ಆಮೇಲೆ ಹುಡುಕಿ, ಉಳಿದದ್ದನ್ನು ಹರಿಯಲು ಬಿಡಿ. ಮುಖ್ಯ ಕಂತುಗಳಿಗೆ ಕಾಸಿಲ್ಲ. ಹೆಚ್ಚುವರಿ ಕಂತುಗಳು ಮಾತ್ರ ಪೇಟ್ರಿಯಾನ್ ಎಂಬ ಜಾಲತಾಣದಲ್ಲಿ ಹಣ ಕೊಟ್ಟವರಿಗೆ. ಅವಿಲ್ಲದೆಯೂ ಏನೂ ಕೊರತೆಯಾಗದು.

ಇಂಗ್ಲಿಷ್ ಉಚ್ಚಾರಣೆಯೇ ತೊಡಕಾದರೆ ‘ಡೆಮಾಕ್ರಸಿ ನೌ’ ಹಿಡಿಯಿರಿ. ಏಮಿ ಗುಡ್‌ಮನ್ 1996ರಿಂದ ನಡೆಸುತ್ತಿರುವ, ವಾರದ ಐದು ದಿನ ಒಂದೊಂದು ಗಂಟೆ ಬರುವ ಸುದ್ದಿ ಕಾರ್ಯಕ್ರಮ. ಜಾಹೀರಾತು ಇಲ್ಲ, ಕಂಪನಿಗಳ ಹಣವೂ ಇಲ್ಲ, ಸರ್ಕಾರದ್ದೂ ಇಲ್ಲ. ಎಲ್ಲಕ್ಕಿಂತ ಉಪಯೋಗದ ಸಂಗತಿಯೆಂದರೆ ಮಾತಿನ ಪೂರ್ತಿ ಬರಹರೂಪ ಅವರ ಜಾಲತಾಣದಲ್ಲಿ ಉಚಿತ. ಮೊದಲಿಗೆ ಬರುವ ಮುಖ್ಯಾಂಶಗಳ ಭಾಗವನ್ನು ಬರಹ ಎದುರಿಗಿಟ್ಟುಕೊಂಡು ಒಮ್ಮೆ, ಬರಹ ಮುಚ್ಚಿ ಇನ್ನೊಮ್ಮೆ ಕೇಳಿ. ಎರಡು ತಿಂಗಳು ಬಿಡದೆ ಮಾಡಿದರೆ ಕಿವಿ ಪಳಗುತ್ತದೆ.

‘ಪಾಡ್ ಸೇವ್ ಅಮೆರಿಕ’ ಬಗ್ಗೆ ಯಾರಾದರೂ ಹೇಳಿಯೇ ಹೇಳುತ್ತಾರೆ, ಅದಕ್ಕೇ ಮುಂಚೆ ತಿಳಿಸಿಬಿಡುತ್ತೇವೆ. ಒಬಾಮ ಅವರ ಬಳಿ ಕೆಲಸ ಮಾಡಿದವರು 2017ರಲ್ಲಿ ಶುರು ಮಾಡಿದ್ದು. ಮಾತು ಚುರುಕು, ನಗುವೂ ಇದೆ. ಆದರೆ ಡೆಮಾಕ್ರಟಿಕ್ ಪಕ್ಷದ ಒಳಮನೆಯ ಹರಟೆ ಅದು. ಅಲ್ಲಿ ಚುನಾವಣೆ ನಡೆಯುವಾಗ ಕೇಳಿದರೆ ಸಾಕು.

ಪ್ರಶ್ನೆ: ಇಂಗ್ಲಿಷ್ ಬೇಡ. ಕನ್ನಡದಲ್ಲಿ ಅಂಥದ್ದು ಇದೆಯೇ? ಇಲ್ಲವಾದರೆ ಇಲ್ಲ ಎಂದೇ ಹೇಳಿ.
— ನಿವೃತ್ತ ಶಿಕ್ಷಕ, ಸೋಮವಾರಪೇಟೆ

ಉತ್ತರ: ಇದೆ ಮೇಷ್ಟ್ರೇ, ಆದರೆ ಫಸಲು ತೆಳು. ಕನ್ನಡದ ಪ್ರಗತಿಪರ ದನಿ ಪತ್ರಿಕೆಯಿಂದ ಹೊರಟು ನೇರ ಯೂಟ್ಯೂಬಿಗೆ ಹಾರಿತು. ನಡುವಿನ ಮೆಟ್ಟಿಲಾದ ಆಡಿಯೊದಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. 1980ರಲ್ಲಿ ಹೊರಟ ‘ಲಂಕೇಶ್ ಪತ್ರಿಕೆ’ ವಾರವಾರ ಕೊಟ್ಟ ಖಾರಕ್ಕೆ ಸಮನಾದ ವಾರದ ಕನ್ನಡ ಪಾಡ್‌ಕಾಸ್ಟ್ ಯಾವುದು ಎಂದು ಕೇಳಿದರೆ ನಮ್ಮ ಬಳಿ ಉತ್ತರವಿಲ್ಲ.

ಇರುವುದರಲ್ಲಿ ಮೂರು ಕಡೆ ನೋಡಿ. ‘ಈ ದಿನ’ ಸುದ್ದಿತಾಣದ ಸಂದರ್ಶನ ಮತ್ತು ಜಿಲ್ಲಾ ವರದಿ ನಮಗೆ ಹೆಚ್ಚು ಹಿಡಿಸುತ್ತವೆ. 2023ರ ವಿಧಾನಸಭಾ ಚುನಾವಣೆಗೆ ಮುನ್ನ ಅವರು ಊರೂರು ಸುತ್ತಿ ಮಾಡಿದ ಸಮೀಕ್ಷೆ ಕಾಂಗ್ರೆಸ್ಸಿಗೆ 132ರಿಂದ 140 ಸ್ಥಾನ ಎಂದಿತ್ತು, ಬಂದದ್ದು 135. ಒಂದು ಸಲ ಲೆಕ್ಕ ಕೂಡಿದ್ದಕ್ಕೆ ಯಾರನ್ನೂ ಪೂಜಿಸಬೇಕಿಲ್ಲ, ಆದರೆ ಕಾಲು ಸವೆಸಿದವರ ಮಾತಿಗೆ ತೂಕ ಇರುತ್ತದೆ. ಮಂಗಳೂರಿನಿಂದ 2003ರಲ್ಲಿ ಹೊರಟ ‘ವಾರ್ತಾಭಾರತಿ’ಯ ಚಾನಲ್‌ನಲ್ಲಿ ಕರಾವಳಿ, ಮಲೆನಾಡಿನ ವಿಷಯ ಹೆಚ್ಚು. ಗೌರಿ ಲಂಕೇಶ್ ಹತ್ಯೆಯ ನಂತರ ಅವರ ಹೆಸರಿನಲ್ಲಿ ಬಂದ ‘ನಾನು ಗೌರಿ’ಯಲ್ಲಿ ನಿಲುವು ಇನ್ನೂ ನೇರ.

ಇವೆಲ್ಲ ವೀಡಿಯೊ. ಯೂಟ್ಯೂಬಿಗೆ ಹಣ ಕಟ್ಟದಿದ್ದರೆ ಪರದೆ ಆರಿದ ಕೂಡಲೇ ದನಿಯೂ ನಿಲ್ಲುತ್ತದೆ. ಪರದೆಯ ಬೆಳಕನ್ನು ಪೂರ್ತಿ ತಗ್ಗಿಸಿ, ಗುಣಮಟ್ಟ 144ಕ್ಕೆ ಇಳಿಸಿ, ಫೋನನ್ನು ಮಗುಚಿ ಮೇಜಿನ ಮೇಲಿಡಿ. ಜೇಬಿಗೆ ಹಾಕಿದರೆ ಬಟ್ಟೆ ತಾಗಿ ಇನ್ನೇನೋ ಒತ್ತಿಕೊಂಡು ವೀಡಿಯೊ ಹಾರುತ್ತದೆ.

ಶುದ್ಧ ಆಡಿಯೊ ಬೇಕಾದರೆ ‘ತಲೆಹರಟೆ’ ಇದೆ. ಪವನ್ ಶ್ರೀನಾಥ್, ಗಣೇಶ್ ಚಕ್ರವರ್ತಿ ಮತ್ತು ಗೆಳೆಯರ ಕಾರ್ಯಕ್ರಮ. ಅದನ್ನು ಪ್ರಗತಿಪರ ಎಂದು ಕರೆದರೆ ಅವರೇ ನಕ್ಕಾರು. ಸಾರ್ವಜನಿಕ ನೀತಿ ಓದಿದವರ ಕಣ್ಣಿನಿಂದ ಎಲ್ಲವನ್ನೂ ನೋಡುತ್ತಾರೆ. ಆದರೆ ಬಜೆಟ್, ಜಿ.ಎಸ್.ಟಿ., ಪಂಚಾಯಿತಿ, ನೀರು ಇಂಥ ವಿಷಯಗಳನ್ನು ಇಂಗ್ಲಿಷ್ ಪಾರಿಭಾಷಿಕಗಳ ಕೆಳಗೆ ಹೂತು ಹಾಕದೆ ಕನ್ನಡದಲ್ಲಿ ಮಾತಾಡಿ ತೋರಿಸಿದ್ದಾರೆ. ಹಳೆಯ ಕಂತುಗಳೂ ಕೇಳಲು ಯೋಗ್ಯ.

ಹಿಂದಿ, ಇಂಗ್ಲಿಷ್ ಬೆರೆಸಿದ ಮಾತು ಪರವಾಗಿಲ್ಲ ಎಂದಾದರೆ ನ್ಯೂಸ್‌ಲಾಂಡ್ರಿ ಎಂಬ ಸುದ್ದಿತಾಣದ ‘ಹಫ್ತಾ’ವನ್ನೂ ಸೇರಿಸಿಕೊಳ್ಳಿ. ವಾರಕ್ಕೊಮ್ಮೆ ನಾಲ್ಕೈದು ಜನ ಕೂತು, ಹೆಚ್ಚಾಗಿ ಇಂಗ್ಲಿಷಿನಲ್ಲಿ, ನಡುನಡುವೆ ಹಿಂದಿಯಲ್ಲಿ, ಆ ವಾರದ ಸುದ್ದಿಯನ್ನೂ ಸುದ್ದಿ ಮಾಡಿದವರನ್ನೂ ಜಾಲಾಡುತ್ತಾರೆ. ನಡೆಯುವುದು ಚಂದಾದಾರರ ಹಣದಲ್ಲಿ. ಕೊನೆಯಲ್ಲಿ ಚಂದಾದಾರರ ಬೈಗುಳದ ಪತ್ರಗಳನ್ನು ಓದಿ ಉತ್ತರಿಸುತ್ತಾರೆ. ಅದನ್ನು ತಪ್ಪಿಸಬೇಡಿ. ಟೀಕೆ ಬಂದಾಗ ಹೇಗೆ ನಡೆದುಕೊಳ್ಳುತ್ತಾರೆ ಅನ್ನುವುದರಲ್ಲೇ ಕಾರ್ಯಕ್ರಮದ ಯೋಗ್ಯತೆ ತಿಳಿಯುತ್ತದೆ.

ಪ್ರಶ್ನೆ: ನಮ್ಮ ಅಣ್ಣನ ಮಗ ಬೆಂಗಳೂರಿನಿಂದ ಒಂದಾದ ಮೇಲೊಂದು ಪ್ರಗತಿಪರ ಪಾಡ್‌ಕಾಸ್ಟ್ ಕಳಿಸುತ್ತಾನೆ. ಕೇಳಿದರೆ ಕಾಫಿ ತೋಟ ಇರುವವರೆಲ್ಲ ಬ್ರಿಟಿಷ್ ದೊರೆಗಳು ಅನ್ನುವ ಹಾಗಿದೆ. ನಮ್ಮದು 8 ಎಕರೆ, ಅದರಲ್ಲೂ ಸಾಲ. ಇವೆಲ್ಲ ಏಕಪಕ್ಷೀಯ ಅಲ್ಲವೇ? ಯಾವುದನ್ನು ನಂಬುವುದು?
— ಬೆಳೆಗಾರ, ಸಿದ್ದಾಪುರ

ಉತ್ತರ: ಏಕಪಕ್ಷೀಯ ಹೌದು. ನಿಲುವು ಇಟ್ಟುಕೊಂಡೇ ಮಾತಾಡುತ್ತೇವೆ ಎಂದು ಅವರೇ ಮೊದಲೇ ಹೇಳಿರುತ್ತಾರೆ. ನಿಲುವು ಇರುವುದು ದೋಷವಲ್ಲ, ನಿಲುವಿಗೆ ಅಡ್ಡ ಬರುವ ಸಂಗತಿಯನ್ನು ಮುಚ್ಚಿಡುವುದು ದೋಷ. ಅದನ್ನು ಹಿಡಿಯಲು ಒಂದೇ ದಾರಿ: ನಿಮಗೆ ಅಂಗೈಯಷ್ಟು ಚೆನ್ನಾಗಿ ಗೊತ್ತಿರುವ ವಿಷಯದ ಕಂತನ್ನು ಹುಡುಕಿ ಮೊದಲು ಅದನ್ನೇ ಕೇಳಿ. ಅಲ್ಲಿ ಎಡವಿದವರು ಗಾಜಾ, ಉಕ್ರೇನ್ ಬಗ್ಗೆ ಹೇಳುವುದನ್ನೂ ಅಷ್ಟೇ ಎಚ್ಚರದಿಂದ ಕೇಳಬೇಕು. ಕೊಡಗಿನವರ ಕೈಯಲ್ಲಿ ಇದಕ್ಕೆ ಮೂರು ಒರೆಗಲ್ಲುಗಳಿವೆ.

ಮೊದಲನೆಯದು ನಿಮ್ಮದೇ ಕಾಫಿ. 1991ರ ಉದಾರೀಕರಣ ರೈತನನ್ನು ಮುಳುಗಿಸಿತು ಎಂಬುದು ಪ್ರಗತಿಪರ ಕಾರ್ಯಕ್ರಮಗಳ ಮಾಮೂಲಿ ಮಾತು. ಕಾಫಿಯಲ್ಲಿ ಕಥೆ ಅಷ್ಟು ಸಲೀಸಲ್ಲ. 1942ರ ಕಾಫಿ ಕಾಯ್ದೆಯ ಕಾಲದಿಂದ ಬೆಳೆಗಾರ ತನ್ನ ಕಾಫಿಯನ್ನು ಕಾಫಿ ಮಂಡಳಿಯ ಪೂಲ್‌ಗೇ, ಅಂದರೆ ಎಲ್ಲರದ್ದನ್ನೂ ಒಟ್ಟುಗೂಡಿಸಿ ಮಾರುವ ಸಂಗ್ರಹಕ್ಕೇ, ಸುರಿಯಬೇಕಿತ್ತು. ಹಣ ಕಂತುಕಂತಾಗಿ ಬರುತ್ತಿತ್ತು. ತೊಂಬತ್ತರ ದಶಕದಲ್ಲಿ ಹಂತಹಂತವಾಗಿ ಸಡಿಲಿಸಿ 1996ರಲ್ಲಿ ಪೂಲ್ ಪೂರ್ತಿ ಎತ್ತಿದರು. ಅದನ್ನು ಬೇಡಿಕೊಂಡವರಲ್ಲಿ ಬೆಳೆಗಾರರೇ ಮುಂದಿದ್ದರು, ಆ ಹೊತ್ತಿನಲ್ಲಿ ಒಳ್ಳೆಯ ಬೆಲೆಯೂ ಸಿಕ್ಕಿತು. ಇನ್ನೊಂದು ಮಗ್ಗುಲೂ ಇದೆ. ಯಾವ ದೇಶ ಎಷ್ಟು ಕಾಫಿ ರಫ್ತು ಮಾಡಬಹುದೆಂದು ಗೊತ್ತುಮಾಡುತ್ತಿದ್ದ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ವ್ಯವಸ್ಥೆ 1989ರಲ್ಲೇ ಕುಸಿದಿತ್ತು. 2000ದ ಆಸುಪಾಸಿನಲ್ಲಿ ಜಗತ್ತಿನ ಬೆಲೆ ನೆಲ ಕಚ್ಚಿದಾಗ ಬೆಳೆಗಾರನನ್ನು ಹಿಡಿದುಕೊಳ್ಳಲು ಪೂಲ್ ಇರಲಿಲ್ಲ, ಕೋಟಾ ಇರಲಿಲ್ಲ. ಈ ಎರಡೂ ಮಗ್ಗುಲು ಹೇಳುವ ಪಾಡ್‌ಕಾಸ್ಟ್ ಗಟ್ಟಿ. ಬರೀ ಮೊದಲನೆಯದನ್ನು ಹೇಳುವವರು ಮಾರುಕಟ್ಟೆ ಭಕ್ತರು, ಬರೀ ಎರಡನೆಯದನ್ನು ಹೇಳುವವರು ಘೋಷಣೆ ಪ್ರಿಯರು.

ಎರಡನೆಯದು ಭೂಮಿ. ದೇವರಾಜ ಅರಸು ಕಾಲದ, 1974ರಲ್ಲಿ ಜಾರಿಗೆ ಬಂದ ಭೂ ಸುಧಾರಣೆಯ ಬಗ್ಗೆ ಯಾವ ಪ್ರಗತಿಪರ ಕಾರ್ಯಕ್ರಮವಾದರೂ ಹೊಗಳಿ ಮಾತಾಡುತ್ತದೆ. ಹೊಗಳಬೇಕಾದ್ದೇ. ಆದರೆ 1961ರ ಭೂ ಸುಧಾರಣಾ ಕಾಯ್ದೆಯ 104ನೇ ಕಲಂ ಪ್ಲಾಂಟೇಶನ್‌ಗಳನ್ನು ಭೂಮಿತಿಯಿಂದ ಹೊರಗಿಟ್ಟಿದೆ ಎಂಬ ಮಾತು ಅಲ್ಲಿ ಬರುತ್ತದೆಯೇ ನೋಡಿ. ಬಾರದಿದ್ದರೆ ಅವರು ಮಂಡ್ಯ, ಶಿವಮೊಗ್ಗಗಳನ್ನು ಮಾತ್ರ ನೋಡಿ ಕರ್ನಾಟಕ ಎನ್ನುತ್ತಿದ್ದಾರೆ. ಜೊತೆಗೆ, ನಿಮ್ಮ ಅಸಮಾಧಾನಕ್ಕೂ ಇಲ್ಲೇ ಉತ್ತರವಿದೆ. ಕಾಫಿಯಲ್ಲಿ ಹಿಡುವಳಿಗಳ ಬಹುಪಾಲು 10 ಹೆಕ್ಟೇರ್‌ಗಿಂತ ಕಡಿಮೆಯವು. 8 ಎಕರೆಯವರನ್ನೂ ಸಾವಿರಾರು ಎಕರೆಯ ಕಂಪನಿಯನ್ನೂ ಒಂದೇ ಬುಟ್ಟಿಗೆ ಹಾಕಿ ‘ಎಸ್ಟೇಟ್ ಮಾಲೀಕರು’ ಎನ್ನುವ ಕಂತು ಸೋಮಾರಿ ಕಂತು. ಹಾಗೆಂದು 8 ಎಕರೆಯಲ್ಲೂ ಕೊಯ್ಲಿಗೆ ಆಳು ಬರುತ್ತಾರೆ, ಅವರಿಗೂ ಕೂಲಿಯ ಪ್ರಶ್ನೆ ಇದೆ. ಆ ಮಾತು ಬಂದಾಗ ಕಂತನ್ನು ಆರಿಸಿಬಿಡಬೇಡಿ.

ಮೂರನೆಯದು ಕಾಡು. 2016ರ ಡಿಸೆಂಬರಿನಲ್ಲಿ ದಿಡ್ಡಳ್ಳಿಯಿಂದ ಐನೂರಕ್ಕೂ ಹೆಚ್ಚು ಆದಿವಾಸಿ ಕುಟುಂಬಗಳ ಗುಡಿಸಲು ಕಿತ್ತು ಹಾಕಿದ್ದು, ಆಮೇಲೆ ಬಸವನಹಳ್ಳಿ, ಬ್ಯಾಡಗೊಟ್ಟಗಳಲ್ಲಿ ನೆಲೆ ಕೊಟ್ಟದ್ದು ನಿಮ್ಮ ಪಕ್ಕದ್ದೇ ಸಂಗತಿ. ಅರಣ್ಯ ಹಕ್ಕಿನ ಬಗ್ಗೆ ಕಂತು ಸಿಕ್ಕರೆ ಈ ಅಂಶಗಳನ್ನು ಕಿವಿಗೊಟ್ಟು ಹಿಡಿಯಿರಿ. 2006ರ ಕಾಯ್ದೆಯಲ್ಲಿ ಹಕ್ಕಿನ ಅರ್ಜಿ ಶುರುವಾಗುವುದು ಗ್ರಾಮಸಭೆಯಲ್ಲಿ, ಅಲ್ಲಿಂದ ಉಪವಿಭಾಗ ಮಟ್ಟದ ಸಮಿತಿ, ಕೊನೆಗೆ ಜಿಲ್ಲಾ ಮಟ್ಟದ ಸಮಿತಿ. ಅನುಭೋಗ 2005ರ ಡಿಸೆಂಬರ್ 13ಕ್ಕಿಂತ ಮುಂಚಿನದ್ದಿರಬೇಕು. ಮಿತಿ 4 ಹೆಕ್ಟೇರ್. ಮಕ್ಕಳಿಗೆ ಬರುತ್ತದೆ, ಮಾರುವ ಹಾಗಿಲ್ಲ. ಪರಿಶೀಲನೆ ಮುಗಿಯುವವರೆಗೆ ಎಬ್ಬಿಸುವ ಹಾಗಿಲ್ಲ. ‘ಅರಣ್ಯ ಇಲಾಖೆ ಪಟ್ಟಾ ಕೊಡುವುದಿಲ್ಲ’ ಎಂದು ಅರ್ಧ ಗಂಟೆ ಹರಿಹಾಯುವ ಕಂತು, ಸಿಟ್ಟು ಎಷ್ಟೇ ನ್ಯಾಯದ್ದಾದರೂ, ಕಾಯ್ದೆ ಓದಿಲ್ಲ. ‘ಯಾರು ಬೇಕಾದರೂ ಕಾಡು ಕಬಳಿಸಬಹುದು’ ಎನ್ನುವ ಎದುರು ಪಾಳಯದ ಕಂತೂ ಓದಿಲ್ಲ.

ಇನ್ನು ಕೇಳುತ್ತ ಕೇಳುತ್ತ ಗೊತ್ತಾಗುವ ಸಣ್ಣ ಗುರುತುಗಳು. ಜೇನುಕುರುಬರ, ಯರವರ ಬಗ್ಗೆ ಐವತ್ತು ನಿಮಿಷ ಮಾತು, ಅವರಲ್ಲಿ ಒಬ್ಬರ ದನಿಯೂ ಇಲ್ಲ ಎಂದಾದರೆ ಅನುಮಾನಪಡಿ. ‘ಕಳೆದ ಕಂತಿನಲ್ಲಿ ತಪ್ಪು ಹೇಳಿದ್ದೆವು’ ಎಂಬ ಮಾತು ಹತ್ತು ಕಂತಿನಲ್ಲಿ ಒಮ್ಮೆಯೂ ಬರಲಿಲ್ಲವೆಂದರೆ ಅವರು ತಪ್ಪೇ ಮಾಡಿಲ್ಲ ಎಂದು ಅರ್ಥವಲ್ಲ. ಹಣ ಎಲ್ಲಿಂದ ಬರುತ್ತದೆ ಎಂದು ಜಾಲತಾಣದಲ್ಲಿ ಎರಡು ನಿಮಿಷದಲ್ಲಿ ಸಿಗಬೇಕು. 2018ರ ಆಗಸ್ಟಿನ ಭೂಕುಸಿತಕ್ಕೆ ಒಂದೇ ಕಾರಣ ಹೇಳುವವರನ್ನೂ, ಅದು ಬರೀ ಮಳೆಯಾಗಲಿ ಬರೀ ರೆಸಾರ್ಟ್ ಆಗಲಿ, ಬದಿಗಿಡಿ. ಆ ವರ್ಷ ಸುರಿದ ಮಳೆಯೂ ಹೌದು, ರಸ್ತೆಗೂ ಮನೆಗೂ ಗುಡ್ಡದ ಬರೆ ಕಡಿದದ್ದೂ ಹೌದು.

ಅಣ್ಣನ ಮಗನಿಗೆ ಒಂದು ಮಾತು ಹೇಳಿ: ಲಿಂಕ್ ಮಾತ್ರ ಕಳಿಸಬೇಡ, ಎಷ್ಟನೇ ನಿಮಿಷದಲ್ಲಿ ಏನಿದೆ ಎಂದು ಬರೆದು ಕಳಿಸು ಅಂತ. ಅರ್ಧ ಜಗಳ ಅಲ್ಲೇ ಕಡಿಮೆಯಾಗುತ್ತದೆ.

ಪ್ರಶ್ನೆ: ನಮ್ಮಲ್ಲಿ ಜಗಲಿಯ ಒಂದು ಮೂಲೆಯಲ್ಲಿ ಮಾತ್ರ ನೆಟ್‌ವರ್ಕ್. ಮಳೆಗಾಲದಲ್ಲಿ ಅದೂ ಇಲ್ಲ, ಕರೆಂಟೂ ಇಲ್ಲ. ಪಾಡ್‌ಕಾಸ್ಟ್ ಕೇಳುವುದು ಹೇಗೆ? ಡೇಟಾ ಎಷ್ಟು ಬೇಕು?
— ಗೃಹಿಣಿ, ಭಾಗಮಂಡಲ

ಉತ್ತರ: ನಿಮ್ಮಂಥವರಿಗೆ ಪಾಡ್‌ಕಾಸ್ಟೇ ಸರಿಯಾದ ಬಾಬತ್ತು. ಅದು ಮೂಲತಃ ಇಳಿಸಿಕೊಂಡು ಆಮೇಲೆ ಕೇಳಲೆಂದೇ ಹುಟ್ಟಿದ್ದು.

ಲೆಕ್ಕ ಹೀಗಿದೆ. ಮಾತಿನ ಆಡಿಯೊ 64 ಕೆ.ಬಿ.ಪಿ.ಎಸ್. (ಸೆಕೆಂಡಿಗೆ ಎಷ್ಟು ಡೇಟಾ ಎಂಬ ಅಳತೆ) ಆದರೆ ಗಂಟೆಗೆ ಸುಮಾರು 29 ಎಂ.ಬಿ., 128 ಆದರೆ 58 ಎಂ.ಬಿ. ಅದೇ ಒಂದು ಗಂಟೆಯ ವೀಡಿಯೊ ಸಾಧಾರಣ ಗುಣಮಟ್ಟದಲ್ಲೂ ನೂರಾರು ಎಂ.ಬಿ. ನುಂಗುತ್ತದೆ. ವಾರಕ್ಕೆ ಐದು ಗಂಟೆ ಕೇಳುವವರಿಗೆ 300 ಎಂ.ಬಿ. ಒಳಗೆ ಮುಗಿಯಿತು. ದಿನಕ್ಕೆ ಒಂದೂವರೆ ಜಿ.ಬಿ. ಪ್ಯಾಕ್ ಇದ್ದರೆ ಸಂತೆಗೆ ಹೋದ ದಿನ ಬಸ್‌ಸ್ಟ್ಯಾಂಡಿನಲ್ಲಿ ಕೂತ ಹದಿನೈದು ನಿಮಿಷದಲ್ಲಿ ವಾರದ ಬುತ್ತಿ ಕಟ್ಟಿಕೊಳ್ಳಬಹುದು.

ಆಂಡ್ರಾಯ್ಡ್ ಫೋನಾದರೆ ‘ಆಂಟೆನಾಪಾಡ್’ ಹಾಕಿಕೊಳ್ಳಿ. ಉಚಿತ, ಆ್ಯಪ್‌ನದ್ದೇ ಜಾಹೀರಾತು ಇಲ್ಲ, ಖಾತೆ ತೆರೆಯುವ ಗೋಜಿಲ್ಲ. ಪಾಡ್‌ಕಾಸ್ಟ್ ಸೇರಿಸುವ ಗುಂಡಿ ಒತ್ತಿ, ಹೆಸರು ಹುಡುಕಿ, ಚಂದಾದಾರರಾಗಿ. ಚಂದಾ ಅಂದರೆ ಇಲ್ಲಿ ಕಾಸಲ್ಲ, ಹೊಸ ಕಂತು ಬಂದಾಗ ತಾನೇ ತೋರಿಸುತ್ತದೆ ಅಷ್ಟೇ. ಆಮೇಲೆ ಸೆಟ್ಟಿಂಗ್ಸ್‌ನಲ್ಲಿ ಡೌನ್‌ಲೋಡ್ ವಿಭಾಗಕ್ಕೆ ಹೋಗಿ ನಾಲ್ಕು ಕೆಲಸ ಮಾಡಿ. ಸ್ವಯಂ ಡೌನ್‌ಲೋಡ್ ಚಾಲೂ ಮಾಡಿ. ಮನೆಯಲ್ಲಿ ವೈಫೈ ಇಲ್ಲದಿದ್ದರೆ ಮೊಬೈಲ್ ಡೇಟಾದಲ್ಲೂ ಇಳಿಸಲು ಅನುಮತಿ ಕೊಡಿ. ಇದನ್ನು ಮರೆತವರೇ ‘ಆ್ಯಪ್ ಕೆಲಸ ಮಾಡುವುದಿಲ್ಲ’ ಎನ್ನುವುದು. ಇಟ್ಟುಕೊಳ್ಳುವ ಕಂತುಗಳ ಮಿತಿಯನ್ನು 10ಕ್ಕೆ ಇಳಿಸಿ. ಕೇಳಿ ಮುಗಿದದ್ದು ತಾನೇ ಅಳಿಯುವ ಹಾಗೆ ಮಾಡಿ, ಇಲ್ಲವಾದರೆ ಆರು ತಿಂಗಳಲ್ಲಿ ಫೋನ್ ತುಂಬಿ ಮೊಮ್ಮಕ್ಕಳ ಫೋಟೊಗೆ ಜಾಗ ಇರುವುದಿಲ್ಲ.

ಇಷ್ಟೆಲ್ಲ ಮಾಡಿಯೂ ರಾತ್ರಿ ಏನೂ ಇಳಿಯಲಿಲ್ಲವೆಂದರೆ ತಪ್ಪು ಆ್ಯಪ್‌ನದ್ದಲ್ಲ, ಫೋನಿನದ್ದು. ಹಲವು ಕಂಪನಿಗಳ ಫೋನುಗಳು ಬ್ಯಾಟರಿ ಉಳಿಸುವ ನೆಪದಲ್ಲಿ ಹಿನ್ನೆಲೆಯಲ್ಲಿ ನಡೆಯುವ ಆ್ಯಪ್‌ಗಳ ಕತ್ತು ಹಿಸುಕುತ್ತವೆ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಆ ಆ್ಯಪ್ ಮೇಲೆ ಒತ್ತಿ, ಬ್ಯಾಟರಿ ಎಂಬಲ್ಲಿ ‘ನಿರ್ಬಂಧವಿಲ್ಲ’ ಎಂದು ಆರಿಸಿ. ಹೆಚ್ಚಿನ ದೂರು ಇಲ್ಲೇ ಮುಗಿಯುತ್ತದೆ. ಹಳೆಯ ಗೂಗಲ್ ಪಾಡ್‌ಕಾಸ್ಟ್ಸ್ ಹುಡುಕಬೇಡಿ, ಅದನ್ನು 2024ರಲ್ಲಿ ಮುಚ್ಚಿದರು. ಸ್ಪಾಟಿಫೈ ಇದ್ದವರು ಹಣ ಕಟ್ಟದೆಯೂ ಪಾಡ್‌ಕಾಸ್ಟ್ ಇಳಿಸಿಕೊಳ್ಳಬಹುದು. ಆದರೆ 30 ದಿನಕ್ಕೊಮ್ಮೆ ಇಂಟರ್ನೆಟ್ ತೋರಿಸದಿದ್ದರೆ ಇಳಿಸಿದ್ದೆಲ್ಲ ಹೋಗುತ್ತದೆ.

ಕರೆಂಟಿನ ವಿಷಯ: ಡಬ್ಬಿಯ ಮೇಲೆ 10,000 ಎಂ.ಎ.ಎಚ್. ಎಂದಿರುವ ಪವರ್ ಬ್ಯಾಂಕ್, 5,000 ಬ್ಯಾಟರಿಯ ಫೋನನ್ನು ಎರಡು ಸಲವಲ್ಲ, ಸುಮಾರು ಒಂದೂಕಾಲರಿಂದ ಒಂದೂವರೆ ಸಲ ತುಂಬುತ್ತದೆ. ಉಳಿದದ್ದು ಬಿಸಿಯಾಗಿ ಪೋಲು. ಕೇಳುವಾಗ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ. ನೆಟ್‌ವರ್ಕ್ ಇಲ್ಲದ ಕಡೆ ಟವರ್ ಹುಡುಕುತ್ತ ಇರುವುದೇ ಬ್ಯಾಟರಿಗೆ ದೊಡ್ಡ ಶತ್ರು.

ಪ್ರಶ್ನೆ: ತೋಟದ ಕೆಲಸ ಮಾಡುತ್ತ ಇಯರ್‌ಫೋನ್ ಹಾಕಿಕೊಂಡು ಕೇಳಬಹುದೇ?
— ತೋಟದ ರೈಟರ್ (ಲೆಕ್ಕ, ಮೇಲ್ವಿಚಾರಣೆ ನೋಡುವವರು), ಅಮ್ಮತ್ತಿ

ಉತ್ತರ: ಬೇಡ. ಆನೆ ನಡೆದಾಡುವ ತೋಟದಲ್ಲಿ ಕಿವಿಯೇ ಮೊದಲ ಕಾವಲು. ಕೊಂಬೆ ಮುರಿಯುವ ಸದ್ದು, ನಾಯಿ ಬೊಗಳುವ ಧಾಟಿ ಬದಲಾಗುವುದು, ದೂರದವರು ಕೂಗುವುದು, ಇವಕ್ಕಿಂತ ಮುಖ್ಯವಾದ ಸುದ್ದಿ ಯಾವ ಪಾಡ್‌ಕಾಸ್ಟಿನಲ್ಲೂ ಬರುವುದಿಲ್ಲ. ಸುತ್ತಲಿನ ಸದ್ದನ್ನು ಅಡಗಿಸುವ ಇಯರ್‌ಬಡ್‌ಗಳಂತೂ ಮನೆಯಲ್ಲೇ ಇರಲಿ. ಒಂದು ಕಿವಿಗೆ ಮಾತ್ರ ಹಾಕಿಕೊಂಡರೂ ಸದ್ದು ಯಾವ ದಿಕ್ಕಿನದು ಎಂದು ತಿಳಿಯುವುದಿಲ್ಲ, ದಿಕ್ಕು ತಿಳಿಯಲು ಎರಡೂ ಕಿವಿ ಬೇಕು. ಕಣದಲ್ಲಿ ಕಾಫಿ ಹರಗುವಾಗ, ಗೋದಾಮಿನಲ್ಲಿ ಚೀಲ ತೂಗುವಾಗ ಫೋನಿನ ಸ್ಪೀಕರಿನಲ್ಲೇ ಹಾಕಿಕೊಳ್ಳಿ. ಅದೂ ಜೊತೆಯವರು ಒಪ್ಪಿದರೆ. ಕೂಲಿಯ ಕಾನೂನಿನ ಬಗ್ಗೆ ಕಂತು ಹಾಕಿದರೆ ಎಲ್ಲರೂ ಒಪ್ಪಿಯಾರು.

ಪ್ರಶ್ನೆ: ತೋಟ ಕಾರ್ಮಿಕರ ಕಾನೂನಿನ ಬಗ್ಗೆ ಒಂದು ನಿಮಿಷದ ಪಾಡ್‌ಕಾಸ್ಟ್ ತುಣುಕು ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಿದೆ. ನಂಬಬಹುದೇ?
— ಅಂಗಡಿ ಮಾಲೀಕ, ಸುಂಟಿಕೊಪ್ಪ

ಉತ್ತರ: ತುಣುಕಿನಲ್ಲಿ ಕಾರ್ಯಕ್ರಮದ ಹೆಸರಿಲ್ಲದಿದ್ದರೆ ಮುಂದಕ್ಕೆ ಕಳಿಸಬೇಡಿ. ಹೆಸರಿದ್ದರೆ ಪೂರ್ತಿ ಕಂತು ತೆಗೆದು ಮೊದಲು ತಾರೀಕು ನೋಡಿ. ಕಾರ್ಮಿಕ ಕಾನೂನಿನಲ್ಲಿ ತಾರೀಕೇ ಅರ್ಧ ಉತ್ತರ. ಹಳೆಯ ಕಾರ್ಮಿಕ ಕಾಯ್ದೆಗಳನ್ನು ಒಟ್ಟುಗೂಡಿಸಿದ ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಂದು ಜಾರಿಗೆ ಬಂದವು. 1951ರ ಪ್ಲಾಂಟೇಶನ್ ಕಾರ್ಮಿಕ ಕಾಯ್ದೆ ಅವುಗಳಲ್ಲೊಂದರೊಳಗೆ ಸೇರಿಹೋಯಿತು. ಅದಕ್ಕಿಂತ ಮುಂಚಿನ ಕಂತು ಎಷ್ಟೇ ಪ್ರಾಮಾಣಿಕವಾಗಿದ್ದರೂ ಇಂದಿನ ಕಲಂ ಹೇಳಲಾರದು. ಆಮೇಲೆ ತುಣುಕಿನ ಹಿಂದಿನ ಎರಡು ನಿಮಿಷ, ಮುಂದಿನ ಎರಡು ನಿಮಿಷ ಕೇಳಿ. ‘ಕೆಲವರು ಹೀಗೆ ವಾದಿಸುತ್ತಾರೆ’ ಎಂಬ ಮೊದಲ ಸಾಲು ಕತ್ತರಿಸಿದರೆ ಎದುರಾಳಿಯ ಮಾತೇ ಮಾತಾಡಿದವರ ನಿಲುವಾಗಿಬಿಡುತ್ತದೆ.

ಪ್ರಶ್ನೆ: ಇಷ್ಟೆಲ್ಲ ಕೇಳಿದ ಮೇಲೆ ನಮ್ಮ ಲೈನ್ ಮನೆಗಳ (ತೋಟ ಕಾರ್ಮಿಕರ ಸಾಲುಮನೆಗಳ) ಬಗ್ಗೆ ನಾವೇ ಒಂದು ಪಾಡ್‌ಕಾಸ್ಟ್ ಮಾಡೋಣ ಅನ್ನಿಸಿದೆ. ಮೂವರು ಗೆಳೆಯರಿದ್ದೇವೆ, ಹಣ ಇಲ್ಲ.
— ಯುವಕರ ಗುಂಪು, ಪೊನ್ನಂಪೇಟೆ

ಉತ್ತರ: ಮಾಡಿ. ಕನ್ನಡದ ಫಸಲು ತೆಳು ಎಂದು ಮೇಲೆ ಹೇಳಿದ್ದೇವಲ್ಲ.

ಮೈಕ್ ಕೊಳ್ಳುವ ಮುಂಚೆ ಜಾಗ ನೋಡಿ. ಶೀಟಿನ ಮಾಡಿನ ಕೆಳಗೆ ಜೂನ್‌ನಿಂದ ಸೆಪ್ಟೆಂಬರ್ ತನಕ ಧ್ವನಿಮುದ್ರಣ ಆಗದ ಮಾತು, ಎಂಥ ಮೈಕ್ ತಂದರೂ ಮಳೆಯೇ ಮಾತಾಡುತ್ತದೆ. ಆರ್‌.ಸಿ.ಸಿ. ಮನೆಯ ಮಲಗುವ ಕೋಣೆ, ಹಾಸಿಗೆ, ಕಂಬಳಿ, ಬಟ್ಟೆ ತುಂಬಿದ ಬೀರು ಇದ್ದಷ್ಟೂ ಒಳ್ಳೆಯದು. ಬರಿ ಗೋಡೆ, ಟೈಲ್ಸ್ ಇದ್ದರೆ ದನಿ ಬಾವಿಯೊಳಗಿಂದ ಬಂದ ಹಾಗಿರುತ್ತದೆ. ಫೋನನ್ನು ಬಾಯಿಂದ ಒಂದು ಗೇಣು ದೂರ, ತುಸು ಓರೆಯಾಗಿ ಹಿಡಿಯಿರಿ. ನೇರ ಹಿಡಿದರೆ ‘ಪ’ ‘ಫ’ ಬಂದಾಗಲೆಲ್ಲ ಗಾಳಿ ಬಡಿಯುತ್ತದೆ. ಏರೋಪ್ಲೇನ್ ಮೋಡ್ ಹಾಕಲು ಮರೆಯಬೇಡಿ. ಮಾತು ಶುರುವಾಗುವ ಮುಂಚೆ 30 ಸೆಕೆಂಡು ಸುಮ್ಮನೆ ಕೂತು ಕೋಣೆಯ ಸದ್ದನ್ನು ದಾಖಲಿಸಿ, ಕತ್ತರಿಸಿ ಜೋಡಿಸುವಾಗ ಬಿರುಕು ಮುಚ್ಚಲು ಬೇಕಾಗುತ್ತದೆ. ಸಂಕಲನಕ್ಕೆ ‘ಆಡಾಸಿಟಿ’ ಉಚಿತ. ಮೋನೊದಲ್ಲಿ 64 ಕೆ.ಬಿ.ಪಿ.ಎಸ್. ಇಟ್ಟರೆ ಭಾಗಮಂಡಲದ ಆ ಜಗಲಿ ಮೂಲೆಗೂ ತಲುಪುತ್ತದೆ. 20 ನಿಮಿಷ ಮೀರಬೇಡಿ. ಮೂರು ಕಂತು ಸಿದ್ಧವಾದ ಮೇಲೆಯೇ ಮೊದಲನೆಯದನ್ನು ಬಿಡಿ. ಒಂದೇ ಕಂತು ಮಾಡಿ ಉತ್ಸಾಹದಲ್ಲಿ ಹಾಕಿದವರು ಎರಡನೆಯದಕ್ಕೆ ಮೂರು ತಿಂಗಳು ತೆಗೆದುಕೊಳ್ಳುತ್ತಾರೆ, ಅಷ್ಟರಲ್ಲಿ ಕೇಳುಗ ಮರೆತಿರುತ್ತಾನೆ.

ತಾಂತ್ರಿಕ ವಿಷಯಕ್ಕಿಂತ ಕಷ್ಟದ್ದು ಇನ್ನೊಂದಿದೆ. ಲೈನ್ ಮನೆ ಕೆಲಸಕ್ಕೆ ಅಂಟಿಕೊಂಡ ಮನೆ. ಕೆಲಸ ಹೋದರೆ ಸೂರೂ ಹೋಗುತ್ತದೆ. ಮಾತಾಡಿದವರ ಹೆಸರು ತೆಗೆದರೆ ಸಾಲದು. ಸಣ್ಣ ಊರಿನಲ್ಲಿ ದನಿ ಕೇಳಿಯೇ ಗುರುತು ಹಿಡಿಯುತ್ತಾರೆ, ಎಷ್ಟು ಮಕ್ಕಳು, ಯಾವ ಬಾವಿ, ಯಾವ ತಿರುವು ಎಂಬ ವಿವರದಿಂದಲೂ ಹಿಡಿಯುತ್ತಾರೆ. ಒಪ್ಪಿಗೆಯನ್ನು ಎರಡು ಸಲ ಕೇಳಿ: ಧ್ವನಿಮುದ್ರಿಸುವ ಮುಂಚೆ ಒಮ್ಮೆ, ಸಂಕಲಿಸಿದ ಕಂತನ್ನು ಅವರಿಗೇ ಕೇಳಿಸಿದ ಮೇಲೆ ಇನ್ನೊಮ್ಮೆ. ಎರಡನೇ ಸಲ ಬೇಡ ಎಂದರೆ, ಎಷ್ಟೇ ಒಳ್ಳೆಯ ಕಂತಾಗಿದ್ದರೂ ಅಳಿಸಿಬಿಡಿ. ಗುರುತು ಉಳಿಯದ ಹಾಗೆ ಮಾಡಬೇಕೆಂದರೆ ದನಿಯ ಏರಿಳಿತ ಬದಲಿಸುವ ತಂತ್ರ ನೆಚ್ಚಬೇಡಿ, ಅದನ್ನು ಹಿಂದಿರುಗಿಸುವುದು ಸುಲಭ. ಅವರ ಮಾತನ್ನು ಬರೆದುಕೊಂಡು, ಬೇರೆ ಊರಿನ ಬೇರೊಬ್ಬರ ಬಾಯಲ್ಲಿ ಓದಿಸಿ, ಹಾಗೆ ಓದಿಸಿದ್ದೇವೆ ಎಂದು ಕಂತಿನ ಶುರುವಿನಲ್ಲೇ ಹೇಳಿ. ಎದುರು ಕಡೆಯ ಬೆಳೆಗಾರರನ್ನೂ ಒಬ್ಬರನ್ನು ಕೂರಿಸಿಕೊಳ್ಳಿ. ಸಿದ್ದಾಪುರದ 8 ಎಕರೆಯವರು ಬರಬಹುದು, ಕೇಳಿ ನೋಡಿ.